ಎತ್ತುವವರು, ಏಳುವವರು

ಇಂಗ್ಲಿಷ್ ಭಾಷೆ ನಮ್ಮ ನಾಲಗೆಗೆ ಕೊಡುವ ಕಷ್ಟಗಳಲ್ಲಿ ಕೆಲವು ಹಿತವಾದ ಕಷ್ಟಗಳೂ ಉಂಟು. ‘ರೈಸ್’ ಎಂದರೆ ಏಳುವುದು; ನಮ್ಮ ಬಾಯಲ್ಲಿ ಅದೇ ಅಕ್ಕಿಯೂ ಆಗುತ್ತದೆ. ‘ರೇಯ್ಸ್’ ಎಂದರೆ ಏಳಿಸುವುದು. ಸ್ವಲ್ಪ ಅವಸರದಲ್ಲಿ ಹೇಳಿದರೆ ಅದು ನೇರವಾಗಿ ಕುದುರೆ ಜೂಜಿನ ಮೈದಾನಕ್ಕೆ ಹೋಗಿ ನಿಲ್ಲುತ್ತದೆ. ಆಂಗ್ಲರ ಕಿವಿಗೆ ಈ ಮಾತುಗಳ ಕೊನೆಯ ಅಕ್ಷರದಲ್ಲಿ ಭೇದವುಂಟಂತೆ. ನಮ್ಮ ವರ್ಣಮಾಲೆಯಲ್ಲಿ ಆ ಅಕ್ಷರವಿಲ್ಲವಾದ್ದರಿಂದ ನಾವು ಆ ಭೇದವನ್ನು ಸಂದರ್ಭಕ್ಕೆ ಬಿಟ್ಟು ನಿಶ್ಚಿಂತರಾಗಿದ್ದೇವೆ. ಆದರೆ ಆಂಗ್ಲರೇ ತಮಗಾಗಿ ಮಾಡಿಕೊಂಡ ತೊಡಕು ಇನ್ನೊಂದಿದೆ. ‘ರೇಯ್ಸ್’ ಎಂಬುದೇ ಧ್ವನಿಯಲ್ಲಿ ಅವರಲ್ಲಿ ಬೇರೊಂದು ಕ್ರಿಯಾಪದವಿದೆ. ಅದರ ಅರ್ಥ ನೆಲಸಮ ಮಾಡುವುದು. ಬರೆಯುವಾಗ ಅಕ್ಷರಗಳಲ್ಲಿ ವ್ಯತ್ಯಾಸವುಂಟು. ಮೂಲವೂ ಬೇರೆ: ಕೆರೆಯುವುದು, ಹೆರೆಯುವುದು ಎಂಬ ಅರ್ಥದ ಲ್ಯಾಟಿನ್ ಮಾತು ಫ್ರೆಂಚಿನ ದಾರಿಯಿಂದ ಬಂದದ್ದು. ಕಿವಿಗೆ ಮಾತ್ರ ಎರಡೂ ಒಂದೇ. ಒಬ್ಬನು ಮನೆಯನ್ನು ಎಬ್ಬಿಸಿದನೋ ಕೆಡವಿದನೋ ಎಂಬುದನ್ನು ಅವನ ಮಾತು ಕೇಳಿ ತಿಳಿಯಲಾಗದು, ಹೋಗಿ ನೋಡಬೇಕು.

ನಿಘಂಟಿನಲ್ಲಿ ಈ ಕ್ರಿಯಾಪದದ ಸಂಸಾರ ದೊಡ್ಡದು. ಬಾವುಟವನ್ನು, ಬೆಲೆಯನ್ನು, ಗೋಡೆಯನ್ನು, ಧ್ವನಿಯನ್ನು, ಪ್ರಶ್ನೆಯನ್ನು, ಸಾಲವನ್ನು, ಸೈನ್ಯವನ್ನು, ಧೂಳನ್ನು, ಗೋಧಿಯನ್ನು, ಹಂದಿಯನ್ನು, ಮಕ್ಕಳನ್ನು, ಸತ್ತವರನ್ನು—ಇಷ್ಟನ್ನೂ ಒಂದೇ ಮಾತಿನಿಂದ ಮಾಡಬಹುದು. ಚರ್ಮದ ಮೇಲೆ ಬೊಬ್ಬೆ ಬರಿಸುವುದಕ್ಕೂ ಅದೇ ಮಾತು. ರೊಟ್ಟಿಯ ಹಿಟ್ಟನ್ನು ಉಬ್ಬಿಸುವುದಕ್ಕೂ ಅದೇ. ಗಣಿತದವರು ಎರಡನ್ನು ಹತ್ತನೆಯ ಘಾತಕ್ಕೆ ‘ರೇಯ್ಸ್’ ಮಾಡಿ 1024 ಎನ್ನುತ್ತಾರೆ. ಸಂಬಳದ ವಿಷಯದಲ್ಲಿ ಸಮುದ್ರದ ಎರಡು ದಡದವರಿಗೂ ಒಮ್ಮತವಿಲ್ಲ. ಇಂಗ್ಲೆಂಡಿನ ಗುಮಾಸ್ತನಿಗೆ ಸಿಕ್ಕುವುದು ‘ರೈಸ್’, ಎಂದರೆ ಏಳಿಗೆ. ಅಮೆರಿಕದವನಿಗೆ ಸಿಕ್ಕುವುದು ‘ರೇಯ್ಸ್’, ಎಂದರೆ ಎತ್ತುಗೆ. ಒಬ್ಬನ ಸಂಬಳ ತಾನಾಗಿ ಏಳುತ್ತದೆ, ಇನ್ನೊಬ್ಬನದನ್ನು ಯಾರಾದರೂ ಎತ್ತಬೇಕು. ಮೊತ್ತದಲ್ಲಿ ವ್ಯತ್ಯಾಸವೇನೂ ಇರಲಿಕ್ಕಿಲ್ಲ. ಆದರೆ ಯಾರಿಗೆ ಕೈಮುಗಿಯಬೇಕು ಎಂಬುದರಲ್ಲಿ ವ್ಯತ್ಯಾಸವುಂಟು.

ಸೈನ್ಯದವರು ಕೋಟೆಗೆ ಹಾಕಿದ ಮುತ್ತಿಗೆಯನ್ನು ‘ರೇಯ್ಸ್’ ಮಾಡಿದರು ಎಂದರೆ ಮುತ್ತಿಗೆಯನ್ನು ಹೆಚ್ಚಿಸಿದರು ಎಂದಲ್ಲ, ಕಿತ್ತುಕೊಂಡು ಹೋದರು ಎಂದು. ಇದು ವಿಚಿತ್ರವೆನಿಸಿದರೆ ನಮ್ಮ ‘ಎತ್ತಂಗಡಿ’ಯನ್ನು ನೆನೆಯಬಹುದು. ಸರಕಾರಿ ನೌಕರಿಯಲ್ಲಿ ಇದ್ದವರಿಗೆ ಆ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಎತ್ತುವುದೆಲ್ಲ ಮೇಲಕ್ಕೇ ಆಗಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಇಂಗ್ಲಿಷಿನ ‘ಲಿಫ್ಟ್’ ಎಂಬ ಇನ್ನೊಂದು ಮಾತನ್ನು ಅಂಗಡಿಯೊಡನೆ ಸೇರಿಸಿದರೆ ಕಳ್ಳತನವೇ ಆಗುತ್ತದೆ; ನಾವೂ ‘ಎತ್ತಿಹಾಕಿದ’ ಎಂದರೆ ಪೋಲೀಸರು ಕಿವಿ ನಿಮಿರಿಸುತ್ತಾರೆ. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ನಾವಿಕರ ಪ್ರಯೋಗ. ಹಡಗು ದಡಕ್ಕೆ ಸಮೀಪಿಸಿದಂತೆ ದಿಗಂತದಿಂದ ಬೆಟ್ಟವೊಂದು ಮೆಲ್ಲಗೆ ಮೇಲೇಳುತ್ತದಲ್ಲ, ಆಗ ನಾವಿಕನು ‘ನಾವು ನೆಲವನ್ನು ರೇಯ್ಸ್ ಮಾಡಿದೆವು’ ಎನ್ನುತ್ತಾನೆ. ಬೆಟ್ಟ ಇದ್ದಲ್ಲಿಯೇ ಇದೆ. ಹತ್ತಿರ ಬಂದವನು ಇವನು. ಆದರೂ ವಾಕ್ಯದಲ್ಲಿ ಇವನೇ ಕರ್ತೃ, ಬೆಟ್ಟ ಕರ್ಮ.

ಇದೆಲ್ಲ ವಿನೋದ. ವಿನೋದ ಮುಗಿದು ಬೇರೊಂದು ತೊಡಗುವ ಸ್ಥಳ ಆ ಪಟ್ಟಿಯಲ್ಲಿಯೇ ಇದೆ: ಗೋಧಿ, ಹಂದಿ, ಮಕ್ಕಳು.

ಹಳೆಯ ಕಾಲದ ಇಂಗ್ಲಿಷ್ ಮೇಷ್ಟರಲ್ಲಿ ಒಂದು ಕಟ್ಟುನಿಟ್ಟಿನ ಪಾಠವಿತ್ತು. ‘ರೇಯ್ಸ್’ ಮಾಡುವುದು ಹಂದಿಗಳನ್ನು. ಮಕ್ಕಳನ್ನು ‘ರಿಯರ್’ ಮಾಡಬೇಕು. ಒಂದಕ್ಕೆ ಬದಲು ಇನ್ನೊಂದನ್ನು ಬರೆದರೆ ಕೆಂಪು ಗೆರೆ ಖಚಿತ. ಈ ಎರಡು ಮಾತುಗಳೂ ಒಂದೇ ಬೇರಿನವು. ಎರಡಕ್ಕೂ ಮೂಲಾರ್ಥ ‘ಏಳುವಂತೆ ಮಾಡು’ ಎಂದೇ. ‘ರಿಯರ್’ ಇಂಗ್ಲಿಷಿನ ಮನೆಯ ಮಗ. ‘ರೇಯ್ಸ್’ ಹಡಗಿನಲ್ಲಿ ಬಂದಿಳಿದ ಸ್ಕ್ಯಾಂಡಿನೇವಿಯದವರ ಜೊತೆಯಲ್ಲಿ ಬಂದ ದಾಯಾದಿ. ಹಾಗಿರುವಾಗ ಒಂದನ್ನು ಮಗುವಿಗೂ ಇನ್ನೊಂದನ್ನು ಹಂದಿಗೂ ಹಂಚಿಕೊಟ್ಟದ್ದು ಪಂಡಿತರ ಹಠವೆಂದೇ ತೋರುತ್ತದೆ. ಇಂದು ಅಮೆರಿಕದಲ್ಲಿ ಮಕ್ಕಳನ್ನು ‘ರೇಯ್ಸ್’ ಮಾಡುವುದೇ ರೂಢಿ. ಅದನ್ನು ತಪ್ಪೆನ್ನುವವರು ಉಳಿದಿಲ್ಲ.

ಆದರೆ ನೋವಾ ವೆಬ್ಸ್ಟರ್ 1828ರಲ್ಲಿ ಪ್ರಕಟಿಸಿದ ತನ್ನ ದೊಡ್ಡ ನಿಘಂಟಿನಲ್ಲಿ ಈ ಮಾತಿನ ಕೆಳಗೆ ಒಂದು ಟಿಪ್ಪಣಿ ಇಟ್ಟಿದ್ದಾನೆ. ಅವನು ಈಶಾನ್ಯದ ನ್ಯೂ ಇಂಗ್ಲೆಂಡ್ ಪ್ರಾಂತದವನು. ನಮ್ಮಲ್ಲಿ ಗೋಧಿ, ಬಾರ್ಲಿ, ಕುದುರೆ, ದನ, ಕುರಿಗಳಿಗೆ ಈ ಮಾತನ್ನು ಬಳಸುತ್ತೇವೆ. ಮನುಷ್ಯಜಾತಿಯ ವಿಷಯಕ್ಕೆ ಎಂದೂ ಬಳಸುವುದಿಲ್ಲ, ದಕ್ಷಿಣದ ರಾಜ್ಯಗಳಲ್ಲಿ ಬಳಸುತ್ತಾರೆ—ಇದು ಅವನ ಟಿಪ್ಪಣಿಯ ತಾತ್ಪರ್ಯ. ಅಷ್ಟು ಹೇಳಿ ಅವನು ಮುಂದಿನ ಅರ್ಥಕ್ಕೆ ಹೋಗುತ್ತಾನೆ. ಏಕೆ ಎಂದು ಕೇಳುವುದಿಲ್ಲ. ಕೇಳುವುದು ನಿಘಂಟುಕಾರನ ಕೆಲಸವೂ ಅಲ್ಲ. ದಕ್ಷಿಣದವರೆಲ್ಲ ಕೇಡಿಗರಾದ್ದರಿಂದ ಈ ಪ್ರಯೋಗ ಹುಟ್ಟಿತು ಎಂದು ನಾನು ಹೇಳಲಾರೆ; ಅಲ್ಲಿನ ತಂದೆತಾಯಿಗಳು ತಮ್ಮ ಸ್ವಂತ ಮಕ್ಕಳ ವಿಷಯದಲ್ಲಿಯೂ ಅಕ್ಕರೆಯಿಂದ ಅದೇ ಮಾತನ್ನಾಡುತ್ತಿದ್ದರು. ಆದರೆ ಆ ನಾಡಿನಲ್ಲಿ ಗೋಧಿಯಂತೆಯೇ, ಹಂದಿಯಂತೆಯೇ, ಪೇಟೆಗಾಗಿ ಬೆಳೆಯುತ್ತಿದ್ದ ಮಕ್ಕಳೂ ಇದ್ದರು. 1808ರಿಂದ ಆಫ್ರಿಕದಿಂದ ಗುಲಾಮರನ್ನು ತರಿಸುವುದು ಕಾನೂನಿನಲ್ಲಿ ನಿಷಿದ್ಧವಾಯಿತು. ತರಿಸುವುದು ನಿಂತಮೇಲೆ ಒಳನಾಡಿನಲ್ಲಿ ಮಾರುವುದು ಬೆಳೆಯಿತು. ವರ್ಜೀನಿಯ, ಮೇರಿಲ್ಯಾಂಡ್‌ಗಳಲ್ಲಿ ಹುಟ್ಟಿದವರನ್ನು ಕೆಳಗಿನ ಹತ್ತಿಯ ಸೀಮೆಗೆ ಮಾರಿದರು. ಅಂತರ್ಯುದ್ಧಕ್ಕೆ ಮುಂಚಿನ ದಶಕಗಳಲ್ಲಿ ಹೀಗೆ ಸ್ಥಳಾಂತರಗೊಂಡವರು ಸುಮಾರು 10 ಲಕ್ಷ ಜನರೆಂದು ಇತಿಹಾಸಕಾರರ ಅಂದಾಜು.

ಹ್ಯಾರಿಯೆಟ್ ಬೀಚರ್ ಸ್ಟೋ 1852ರಲ್ಲಿ ಪುಸ್ತಕರೂಪದಲ್ಲಿ ಪ್ರಕಟಿಸಿದ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಕಾದಂಬರಿಯನ್ನು ನಮ್ಮ ಕಾಲೇಜಿನ ದಿನಗಳಲ್ಲಿ ಓದದವರು ಕಡಮೆ. ಇಂದು ಆ ಪುಸ್ತಕದ ಕಣ್ಣೀರು ನಮಗೆ ಅತಿಯೆನಿಸೀತು. ಆದರೆ ಅದರಲ್ಲಿ ಟಾಪ್ಸಿ ಎಂಬ ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳು ಬರುತ್ತಾಳೆ. ಮಿಸ್ ಒಫೀಲಿಯ ಎಂಬ ನ್ಯೂ ಇಂಗ್ಲೆಂಡಿನ ಹೆಂಗಸು—ವೆಬ್ಸ್ಟರನ ಕಡೆಯವಳೇ—ಅವಳನ್ನು ಎದುರಿಗೆ ನಿಲ್ಲಿಸಿಕೊಂಡು ವಿಚಾರಿಸುತ್ತಾಳೆ: ನಿನ್ನ ತಾಯಿ ಯಾರು, ಎಲ್ಲಿ ಹುಟ್ಟಿದೆ? ತಾನು ಹುಟ್ಟಿದವಳೇ ಅಲ್ಲವೆಂದು ಹುಡುಗಿ ಸಾಧಿಸುತ್ತಾಳೆ. ತಂದೆ ಇಲ್ಲ, ತಾಯಿ ಇಲ್ಲ, ಏನೂ ಇಲ್ಲ. ಒಬ್ಬ ವ್ಯಾಪಾರಿ ತನ್ನನ್ನು ಇನ್ನೂ ಅನೇಕರ ಜೊತೆಯಲ್ಲಿ ‘ರೇಯ್ಸ್’ ಮಾಡಿದ. ಪಕ್ಕದಲ್ಲಿದ್ದ ಆಳುಹೆಂಗಸು ವಿವರಿಸುತ್ತಾಳೆ: ಇಂಥವರು ಎಷ್ಟೋ ಜನ, ಚಿಕ್ಕವರಾಗಿರುವಾಗ ಅಗ್ಗಕ್ಕೆ ಕೊಂಡು ಪೇಟೆಗೆ ಬೆಳೆಸುತ್ತಾರೆ. ಒಫೀಲಿಯ ಬಿಡುವುದಿಲ್ಲ. ನಿನ್ನನ್ನು ಸೃಷ್ಟಿಸಿದವರು ಯಾರು, ಬಲ್ಲೆಯಾ? ಹುಡುಗಿ ನಕ್ಕು, ಯಾರೂ ಇಲ್ಲ, ತಾನು ಸುಮ್ಮನೆ ಬೆಳೆದೆನೆಂದು ತೋರುತ್ತದೆ ಎನ್ನುತ್ತಾಳೆ. ಈ ಕೊನೆಯ ಉತ್ತರ ಇಂಗ್ಲಿಷಿನಲ್ಲಿ ಗಾದೆಯಂತಾಗಿ, ಯೋಜನೆಯಿಲ್ಲದೆ ಬೆಳೆದ ಪಟ್ಟಣಗಳಿಗೂ ಇಲಾಖೆಗಳಿಗೂ ಹಾಸ್ಯಕ್ಕೆ ಬಳಕೆಯಾಗುತ್ತದೆ. ನಗುವವರು ಅದರ ಹಿಂದಿನ ಉತ್ತರವನ್ನು ಮರೆತಿರುತ್ತಾರೆ.

ಕನ್ನಡದವರಾದ ನಾವು ಇಲ್ಲಿ ಹೆಮ್ಮೆಪಡಲು ಹೊರಟರೆ ಸ್ವಲ್ಪ ತಡೆಯಬೇಕು. ನಮ್ಮಲ್ಲಿ ಒಂದು ಸೊಗಸಾದ ಭೇದವಿದೆ, ನಿಜ. ರೈತನು ‘ರಾಗಿ ಬೆಳೆದೆ’ ಎನ್ನುತ್ತಾನೆ. ‘ರಾಗಿ ಬೆಳೆಸಿದೆ’ ಎನ್ನುವುದಿಲ್ಲ. ರಾಗಿಯೂ ಬೆಳೆಯಿತು, ಅವನೂ ಬೆಳೆದ; ಒಂದೇ ಕ್ರಿಯಾಪದವನ್ನು ಪೈರೂ ರೈತನೂ ಹಂಚಿಕೊಂಡರು. ಮಕ್ಕಳ ವಿಷಯಕ್ಕೆ ಬಂದರೆ ಮಾತ್ರ ‘ಬೆಳೆಸಿದೆ’. ಅಲ್ಲಿ ಮಗು ಬೇರೆ, ತಾನು ಬೇರೆ ಎಂದು ಭಾಷೆಯೇ ಗೆರೆ ಎಳೆದಂತಿದೆ. ಆದರೆ ‘ಸಾಕು’ ಎಂಬ ಮಾತನ್ನು ತೆಗೆದುಕೊಳ್ಳಿ. ಕುರಿ ಸಾಕುತ್ತೇವೆ, ಕೋಳಿ ಸಾಕುತ್ತೇವೆ, ಮಕ್ಕಳನ್ನೂ ಸಾಕುತ್ತೇವೆ. ಕುರಿಯನ್ನು ಏಕೆ ಸಾಕುತ್ತೇವೆ ಎಂಬುದು ಕುರಿಗೆ ತಿಳಿಯದಿದ್ದರೂ ನಮಗೆ ತಿಳಿದಿದೆ. ಅದೇ ಮಾತಿಗೆ ಇನ್ನೊಂದು ಅರ್ಥ ‘ಇನ್ನು ಬೇಡ’ ಎಂದು. ಹೊಟ್ಟೆ ತುಂಬಿದ ಮಗು ‘ಸಾಕು’ ಎಂದರೆ ತಾಯಿ ಇನ್ನೊಂದು ತುತ್ತು ಹಾಕುತ್ತಾಳೆ. ಎಷ್ಟಕ್ಕೆ ಸಾಕು ಎನ್ನಬೇಕು ಎಂಬುದು ಸಾಕಿದವರಿಗೂ ಸಾಕಿಸಿಕೊಂಡವರಿಗೂ ಒಂದೇ ಹೊತ್ತಿಗೆ ತಿಳಿಯುವುದು ಅಪರೂಪ.

ನಮ್ಮ ಬೀದಿಯಲ್ಲಿ ಒಬ್ಬ ನಿವೃತ್ತ ಗುಮಾಸ್ತರಿದ್ದಾರೆ. ಹೆಸರು ಬೇಡ. ಮಕ್ಕಳಿಲ್ಲ. ತಂಗಿ ತೀರಿಕೊಂಡಾಗ ಅವಳ ಮಗನನ್ನು, ಆಗ ಐದು ವರ್ಷದ ಕೂಸು, ಗಂಡಹೆಂಡಿರು ಮನೆಗೆ ಕರೆತಂದರು. ಅಲ್ಲಿಂದ ಹದಿನೇಳು ವರ್ಷ ಸಾಕಿದರು. ಗುಮಾಸ್ತಗಿರಿಯ ಸಂಬಳದಲ್ಲಿ ಇಂಜಿನಿಯರಿಂಗ್ ಓದಿಸುವುದೆಂದರೇನೆಂಬುದನ್ನು ಈ ಪತ್ರಿಕೆಯ ವಾಚಕರಲ್ಲಿ ಅನೇಕರು ಬಲ್ಲರು. ಹುಡುಗ ಚೆನ್ನಾಗಿ ಓದಿದ, ವಿದೇಶಕ್ಕೆ ಹೋದ, ಹಿಂದಿರುಗಿ ಊರಾಚೆಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ. ತಿಂಗಳು ತಿಂಗಳೂ ತಪ್ಪದೆ ಮಾವನ ಖಾತೆಗೆ ಹಣ ಬರುತ್ತದೆ. ಹಣದ ವಿಷಯದಲ್ಲಿ ಗುಮಾಸ್ತರಿಗೆ ದೂರಿಲ್ಲ.

ಗೃಹಪ್ರವೇಶದ ದಿನ ಹುಡುಗ—ಈಗ ಅವನಿಗೂ ತಲೆ ನರೆತಿದೆ—ತನ್ನ ಆಫೀಸಿನವರಿಗೆ ಇವರನ್ನು ‘ನಮ್ಮ ಸಂಬಂಧಿಕರು’ ಎಂದು ಪರಿಚಯಮಾಡಿಕೊಟ್ಟ. ಅಷ್ಟೇ. ಊಟದ ಪಂಕ್ತಿಯಲ್ಲಿ, ನಾಲ್ಕು ಜನ ಕೇಳುವಂತೆ, ಗುಮಾಸ್ತರು ಹೇಳಿದರು: ‘ಇವನನ್ನು ಎತ್ತಿ ಬೆಳೆಸಿದ್ದು ನಾನು. ಇವನ ಮೊದಲನೆಯ ಕನ್ನಡಕ ಕೊಡಿಸಲು ನಾನು ನನ್ನ ಗಡಿಯಾರ ಮಾರಿದೆ.’ ಮಾತು ನಿಜ. ಹುಡುಗ ತಲೆ ತಗ್ಗಿಸಿ ಪಾಯಸ ಬಡಿಸುವುದನ್ನು ಮುಂದುವರಿಸಿದ. ಆಮೇಲೆ ಅವನು ಮಾವನ ಮನೆಗೆ ಬರುವುದು ನಿಂತಿತು. ಹಣ ಬರುವುದು ನಿಲ್ಲಲಿಲ್ಲ.

ಗುಮಾಸ್ತರ ಹತ್ತಿರ ಒಂದು ನೋಟುಪುಸ್ತಕವಿದೆ. ಸ್ಲೇಟಿನಿಂದ ಹಿಡಿದು ಹಾಸ್ಟೆಲಿನ ಠೇವಣಿಯವರೆಗೆ ಹುಡುಗನಿಗೆಂದು ಮಾಡಿದ ಖರ್ಚೆಲ್ಲ ಅದರಲ್ಲಿದೆ. ಅವರು ಅದನ್ನು ವಸೂಲಿಗೆಂದು ಬರೆದಿಟ್ಟವರಲ್ಲ ಎಂದು ನಾನು ಪ್ರಮಾಣಮಾಡಿ ಹೇಳಬಲ್ಲೆ. ಹಾಲಿನವನ ಲೆಕ್ಕ, ಅಗಸನ ಲೆಕ್ಕ ಎಲ್ಲವೂ ಅದೇ ಅಂದವಾದ ಅಕ್ಷರದಲ್ಲಿ ಅವರಲ್ಲಿ ಇದೆ. ಲೆಕ್ಕ ಬರೆಯುವುದು ಅವರಿಗೆ ಉಸಿರಾಟ. ಆದರೂ ಆ ಪುಸ್ತಕವನ್ನು ನನ್ನ ಕೈಗೆ ಕೊಟ್ಟಾಗ ನನಗೆ ಮುಜುಗರವಾಯಿತು. ಕನ್ನಡದಲ್ಲಿ ‘ಎತ್ತಿ ಬೆಳೆಸು’ ಎಂಬ ಮಾತಿರುವಂತೆಯೇ ‘ಎತ್ತಿ ಆಡು’ ಎಂಬ ಮಾತೂ ಇದೆ. ಜಾತಿ ಎತ್ತಿ ಆಡಿದ, ಬಡತನ ಎತ್ತಿ ಆಡಿದ ಎನ್ನುತ್ತೇವಲ್ಲ, ಅದು. ಅದೇ ಕೈ, ಅದೇ ಕ್ರಿಯಾಪದ. ಪಂಕ್ತಿಯಲ್ಲಿ ಕುಳಿತು ಗುಮಾಸ್ತರು ಆಡಿದ್ದು ಒಂದೇ ವಾಕ್ಯ; ಅವರು ಅದರಲ್ಲಿ ಮೊದಲನೆಯ ‘ಎತ್ತು’ವನ್ನು ಹೇಳಿದರು, ಹುಡುಗ ಎರಡನೆಯದನ್ನು ಕೇಳಿದ. ಯಾರದು ಅನ್ಯಾಯ? ನನ್ನ ಮಟ್ಟಿಗೆ, ‘ಸಂಬಂಧಿಕರು’ ಎಂದ ಆ ಪರಿಚಯ ಸಣ್ಣತನದ್ದು, ಸಂದೇಹವಿಲ್ಲ. ಆದರೆ ಕನ್ನಡಕದ ಮಾತು ಕೇಳಿದಾಗ ಅವನಿಗೆ ಏನಾಗಿರಬಹುದೆಂಬುದನ್ನೂ ನಾನು ಊಹಿಸಬಲ್ಲೆ. ಅವನು ಆ ಗಡಿಯಾರದ ಕಥೆಯನ್ನು ಅಂದೇ ಮೊದಲು ಕೇಳಿದ್ದು. ನಲವತ್ತು ವರ್ಷ ತನಗೆ ತಿಳಿಯದ ಒಂದು ಸಾಲವನ್ನು ಹೊತ್ತು ತಿರುಗಾಡಿದನೆಂದು ಪಾಯಸದ ಸೌಟು ಹಿಡಿದಿರುವಾಗ ತಿಳಿದರೆ ಯಾರಾದರೂ ಏನು ಮಾಡಿಯಾರು?

ಸರಕಾರ ಇಂಥ ವಿಷಯದಲ್ಲಿ ಒಂದು ಕಾಯಿದೆಯನ್ನೇ ಮಾಡಿತು. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗೆಂದು 2007ರಲ್ಲಿ ಬಂದ ಕಾಯಿದೆ ಅದು. ತನ್ನನ್ನು ತಾನು ನೋಡಿಕೊಳ್ಳಲಾರದ ತಂದೆಯಾಗಲಿ ತಾಯಿಯಾಗಲಿ ಮಕ್ಕಳಿಂದ ಜೀವನಾಂಶ ಕೇಳಬಹುದು. ಮೂಲ ಕಾಯಿದೆ ಇಟ್ಟ ಮೇಲಿನ ಮಿತಿ ತಿಂಗಳಿಗೆ 10,000 ರೂಪಾಯಿ. ತಂದೆತಾಯಿ ಎಂದರೆ ಹೆತ್ತವರು, ದತ್ತು ತೆಗೆದುಕೊಂಡವರು, ಮಲತಂದೆ, ಮಲತಾಯಿ. ನಮ್ಮ ಗುಮಾಸ್ತರು ಇದರಲ್ಲಿ ಯಾರೂ ಅಲ್ಲ. ಶಾಸ್ತ್ರೋಕ್ತವಾಗಿ ದತ್ತು ಮಾಡಿಕೊಳ್ಳಬೇಕೆಂಬುದು ಆಗ ಯಾರಿಗೂ ಹೊಳೆಯಲಿಲ್ಲ. ಮಕ್ಕಳಿಲ್ಲದ ಹಿರಿಯರಿಗೆ ಆ ಕಾಯಿದೆ ‘ಸಂಬಂಧಿಕ’ನ ಮೇಲೆ ಹಕ್ಕು ಕೊಡುತ್ತದೆ. ನೋಡಿ, ಹುಡುಗ ಗೃಹಪ್ರವೇಶದಲ್ಲಿ ಆಡಿದ ಮಾತೇ! ಆದರೆ ಸಂಬಂಧಿಕನೆಂದರೆ ಯಾರು? ಹಿರಿಯರ ಆಸ್ತಿಯನ್ನು ಹೊಂದಿರುವ ಅಥವಾ ಮುಂದೆ ಹೊಂದಲಿರುವ ವಾರಸುದಾರ. ಹುಟ್ಟಿಸಿದ್ದು ಲೆಕ್ಕಕ್ಕೆ ಬಂತು, ಆಸ್ತಿ ಲೆಕ್ಕಕ್ಕೆ ಬಂತು. ಸಾಕಿದ್ದು ಮಾತ್ರ ಆ ವ್ಯಾಖ್ಯೆಗಳಲ್ಲಿ ಎಲ್ಲಿಯೂ ಇಲ್ಲ. ಕಾಯಿದೆ ಬರೆದವರನ್ನು ನಾನು ದೂರುವುದಿಲ್ಲ. ಹುಟ್ಟಿಗೆ ಪ್ರಮಾಣಪತ್ರವುಂಟು, ಆಸ್ತಿಗೆ ಖಾತೆ ಉಂಟು. ಸಾಕಿದ್ದಕ್ಕೆ ಏನುಂಟು? ಗುಮಾಸ್ತರ ನೋಟುಪುಸ್ತಕದಂಥದು ಉಂಟು. ಅದನ್ನು ನ್ಯಾಯಾಲಯದ ಮುಂದಿಟ್ಟ ಗಳಿಗೆಯಲ್ಲಿಯೇ ಸಾಕಿದ್ದು ಸಾಲವಾಗಿಬಿಡುತ್ತದೆ.

ಇಲ್ಲಿ ವ್ಯಾಕರಣ ಸ್ವಲ್ಪ ಸಹಾಯಕ್ಕೆ ಬರುತ್ತದೆಯೋ ಏನೋ. ‘ರೈಸ್’ ಎಂಬುದರಲ್ಲಿ ಕರ್ಮವಿಲ್ಲ: ಏಳುವವನು ಏಳುತ್ತಾನೆ. ‘ರೇಯ್ಸ್’ ಎಂಬುದು ಅದರ ಪ್ರೇರಣಾರ್ಥಕ: ಏಳುವಂತೆ ಮಾಡುವುದು. ನಮ್ಮ ಬೆಳೆ–ಬೆಳೆಸು, ಏರು–ಏರಿಸು ಇರುವುದೂ ಹಾಗೆಯೇ. ಬೆಳೆಸುವುದರ ಹೊಟ್ಟೆಯೊಳಗೆ ಬೆಳೆಯುವುದು ಇದೆ. ಬೆಳೆಯುವ ಕೆಲಸವನ್ನು ಮಾಡುವವನು ಹುಡುಗ. ‘ಇಸು’ ಎಂಬ ಪ್ರತ್ಯಯದಷ್ಟು ಮಾತ್ರ ಮಾವನದು. ಕಲ್ಲನ್ನು ಎತ್ತುವುದು ಹೀಗಲ್ಲ. ಕಲ್ಲು ತಾನಾಗಿ ಏನೂ ಮಾಡುವುದಿಲ್ಲ, ಎತ್ತಿದವನದೇ ಸಕಲವೂ. ಕಲ್ಲು ಮೇಲಿದ್ದಷ್ಟು ಹೊತ್ತೂ ಕೈ ನೋಯುತ್ತದೆ, ಕೈ ಬಿಟ್ಟರೆ ಕೆಳಕ್ಕೆ ಬೀಳುತ್ತದೆ. ಮನುಷ್ಯನನ್ನು ಬೆಳೆಸಿದವನು ಕೈ ಬಿಟ್ಟಮೇಲೆ ಅವನು ನಿಂತಿರಬೇಕು; ನಿಂತಿದ್ದರೇ ಬೆಳೆಸಿದ್ದಕ್ಕೆ ಅರ್ಥ. ‘ಎತ್ತಿ ಬೆಳೆಸಿದೆ’ ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವಾಗ ನಾವು ಕಲ್ಲಿನ ಲೆಕ್ಕವನ್ನು ಮಗುವಿನ ಹೆಸರಿಗೆ ಬರೆಯುತ್ತೇವೆ ಎಂದು ನನಗೆ ತೋರುತ್ತದೆ.

ಆದರೆ ಈ ವಾದವನ್ನು ಕೊನೆಯವರೆಗೆ ಎಳೆದುಕೊಂಡು ಹೋಗಲು ನನಗೆ ಧೈರ್ಯವಿಲ್ಲ. ಎಲ್ಲರೂ ತಾವು ತಾವೇ ಬೆಳೆಯುತ್ತಾರೆ, ಬೆಳೆಸಿದವನದು ಬರಿಯ ಪ್ರತ್ಯಯ, ಅವನಿಗೆ ಯಾವ ಹಕ್ಕೂ ಇಲ್ಲ ಎಂದು ಮುಗಿಸಿದರೆ ನಾವು ಹೋಗಿ ನಿಲ್ಲುವುದು ಟಾಪ್ಸಿಯ ಉತ್ತರದ ಹತ್ತಿರ. ತಾನು ಸುಮ್ಮನೆ ಬೆಳೆದೆ ಎಂದು ಒಂದು ಮಗು ನಂಬುವಂತಾಗುವುದು ಸ್ವಾತಂತ್ರ್ಯವಲ್ಲ. ಅವಳಿಗೆ ಆದ ಅನ್ಯಾಯ ವ್ಯಾಪಾರಿ ಅವಳಿಂದ ಕೃತಜ್ಞತೆ ಬೇಡಿದ ಎಂಬುದಲ್ಲ; ಅವನು ಬೇಡಲಿಲ್ಲ. ಅವಳ ಕನ್ನಡಕಕ್ಕಾಗಿ ಗಡಿಯಾರ ಮಾರುವವರು ಯಾರೂ ಇರಲಿಲ್ಲ ಎಂಬುದು ಅನ್ಯಾಯ. ನೋಟುಪುಸ್ತಕದ ಜಿಪುಣತನ ಕಂಡು ನಗುವವರು ನೋಟುಪುಸ್ತಕವೇ ಇಲ್ಲದ ಬಾಲ್ಯವನ್ನು ಒಮ್ಮೆ ಕಲ್ಪಿಸಿಕೊಳ್ಳಬೇಕು.

ಮನೆಯೊಳಗಿನ ಈ ಜಗಳವೇ ಸಮಾಜದಲ್ಲಿ ದೊಡ್ಡ ಅಕ್ಷರಗಳಲ್ಲಿ ಕಾಣುತ್ತದೆ. ಸಂಸ್ಕೃತದ ‘ಉದ್ಧಾರ’ ಎಂದರೆ ಮೇಲಕ್ಕೆತ್ತುವುದು. ನಮ್ಮ ಹಿಂದಿನ ಶತಮಾನ ಈ ಮಾತನ್ನು ಬಹಳ ಪ್ರೀತಿಸಿತು. ಸ್ತ್ರೀಯರ ಉದ್ಧಾರ, ಗ್ರಾಮಗಳ ಉದ್ಧಾರ, ದಲಿತರ ಉದ್ಧಾರ. ಮನೆಯಲ್ಲಿ ಮಾತ್ರ ‘ಉದ್ಧಾರವಾದ ಹಾಗೆಯೇ!’ ಎಂದು ಬೈಗುಳವಾಗಿ ಉಳಿದುಕೊಂಡಿತು. ಜನರ ಕಿವಿಗೆ ಆ ಮಾತಿನಲ್ಲಿ ಏನೋ ಕೇಳಿಸಿರಬೇಕು.

ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಟಸ್ಕೀಗಿ ಎಂಬ ಊರಿದೆ. ಗುಲಾಮಗಿರಿಯಲ್ಲಿ ಹುಟ್ಟಿದ ಬುಕರ್ ಟಿ. ವಾಷಿಂಗ್ಟನ್ 1881ರಲ್ಲಿ ಅಲ್ಲಿನ ಕರಿಯರ ವಿದ್ಯಾಸಂಸ್ಥೆಯ ಮುಖ್ಯಸ್ಥನಾಗಿ, ಬದುಕಿರುವವರೆಗೂ ಅದನ್ನು ಕಟ್ಟಿದ. ಅವನು ತೀರಿಕೊಂಡ ಮೇಲೆ, 1922ರಲ್ಲಿ, ಅಲ್ಲಿ ಒಂದು ಕಂಚಿನ ಪ್ರತಿಮೆ ನಿಂತಿತು: ವಾಷಿಂಗ್ಟನ್ ನಿಂತಿದ್ದಾನೆ, ಅವನ ಬದಿಯಲ್ಲಿ ಒಬ್ಬ ಗುಲಾಮ ಮುದುಡಿಕೊಂಡು ಕುಳಿತಿದ್ದಾನೆ, ವಾಷಿಂಗ್ಟನ್ ಅವನ ಮೇಲಿನಿಂದ ಅಜ್ಞಾನದ ಮುಸುಕನ್ನು ಎತ್ತುತ್ತಿದ್ದಾನೆ. ಅದೇ ಸಂಸ್ಥೆಯಲ್ಲಿ ಕೆಲಕಾಲ ಓದಿದ ರಾಲ್ಫ್ ಎಲಿಸನ್ 1952ರಲ್ಲಿ ಬರೆದ ‘ಇನ್‌ವಿಸಿಬಲ್ ಮ್ಯಾನ್’ ಕಾದಂಬರಿಯಲ್ಲಿ ಇಂಥದೇ ಒಂದು ಪ್ರತಿಮೆ ಬರುತ್ತದೆ. ಅದರ ಮುಂದೆ ನಿಂತ ಕಥಾನಾಯಕನಿಗೆ ಗೊಂದಲ: ಆ ಕೈಗಳು ಮುಸುಕನ್ನು ಎತ್ತುತ್ತಿವೆಯೋ, ಇಲ್ಲ ಇನ್ನಷ್ಟು ಬಿಗಿಯಾಗಿ ಮುಚ್ಚುತ್ತಿವೆಯೋ? ಕಂಚಿನ ಕೈ ಚಲಿಸುವುದಿಲ್ಲವಾದ್ದರಿಂದ ಯಾವುದನ್ನೂ ಸಾಧಿಸಲಾಗದು. ಎಲಿಸನ್ ವಾಷಿಂಗ್ಟನ್ನನನ್ನು ಹೀಗಳೆಯಲು ಅದನ್ನು ಬರೆದನೆಂದು ನಾನು ಓದುವುದಿಲ್ಲ. ಎತ್ತುವವನು ನಿಂತೇ ಇದ್ದು ಎತ್ತಿಸಿಕೊಳ್ಳುವವನು ಕುಳಿತೇ ಇರುವ ಚಿತ್ರವನ್ನು ಶಾಶ್ವತಗೊಳಿಸಿದರೆ ಹಾಗೆ ಸಂದೇಹ ಬರುವುದು ಸಹಜ.

ನಮ್ಮ ದೇಶದಲ್ಲಿಯೂ ಈ ಪ್ರಶ್ನೆ ನೇರವಾಗಿಯೇ ಬಂತು. ಪುಣೆಯ ಒಪ್ಪಂದದ ನಂತರ 1932ರಲ್ಲಿ ಗಾಂಧೀಜಿಯವರ ಪ್ರೇರಣೆಯಿಂದ ಮುಂದೆ ಹರಿಜನ ಸೇವಕ ಸಂಘವೆನಿಸಿದ ಸಂಸ್ಥೆ ಹುಟ್ಟಿತು. ಮೊದಲು ಅದರ ಮಂಡಲಿಯಲ್ಲಿದ್ದ ಅಂಬೇಡ್ಕರರು ಹೊರಬಂದರು. ಯಾರಿಗಾಗಿ ಸಂಘವೋ ಅವರ ಕೈಯಲ್ಲಿ ಅದರ ಆಡಳಿತವೇಕಿಲ್ಲ ಎಂಬ ಆಕ್ಷೇಪಕ್ಕೆ ಗಾಂಧೀಜಿಯವರ ಉತ್ತರವಿತ್ತು: ಇದು ಪಾಪಮಾಡಿದವರ ಪ್ರಾಯಶ್ಚಿತ್ತ, ಸಾಲ ತೀರಿಸಬೇಕಾದವರು ಸವರ್ಣೀಯರು, ಆದ್ದರಿಂದ ನಡೆಸಬೇಕಾದವರೂ ಅವರೇ. ಉತ್ತರದಲ್ಲಿ ಘನತೆಯಿದೆ, ಎತ್ತುವವನು ತನ್ನನ್ನು ಸಾಲಗಾರನೆಂದು ಕರೆದುಕೊಳ್ಳುವುದು ದೊಡ್ಡ ಮಾತು. ಆದರೆ ಅಂಬೇಡ್ಕರರಿಗೆ ಅದು ಸಾಲಲಿಲ್ಲ, ಅವರ 1945ರ ಗ್ರಂಥದಲ್ಲಿ ಆ ಅತೃಪ್ತಿ ವಿಸ್ತಾರವಾಗಿಯೇ ಇದೆ. ನನಗೂ ಅವರ ಪಕ್ಷವೇ ಸರಿಯೆನಿಸುತ್ತದೆ. ಪ್ರಾಯಶ್ಚಿತ್ತ ಮಾಡುವವನ ಕಣ್ಣು ತನ್ನ ಪಾಪದ ಮೇಲಿರುತ್ತದೆ. ಎದುರಿಗಿರುವವನಿಗೆ ಬೇಕಾದದ್ದು ಶಾಲೆಯೋ ಭೂಮಿಯೋ ಅಧಿಕಾರವೋ ಎಂಬುದನ್ನು ಎದುರಿಗಿರುವವನೇ ಹೇಳಬೇಕು.

ಇವರಿಬ್ಬರಿಗಿಂತ ಹಿಂದೆ, 1897ರಲ್ಲಿ, ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗಾಗಿ ಒಂದು ಸಂಸ್ಥೆಯನ್ನು ಸ್ಥಾಪಿಸಿ ಶಾಲೆಗಳನ್ನು ನಡೆಸಿದರು. ಸ್ವಂತ ಜಾತಿಯವರ ಬಹಿಷ್ಕಾರವನ್ನು ಅನುಭವಿಸಿದರು. 1928ರಲ್ಲಿ ತೀರಿಕೊಂಡರು. ಅವರದೆಂದು ಪ್ರಸಿದ್ಧವಾದ ಒಂದು ಆಸೆಯುಂಟು: ತಮ್ಮ ಶಾಲೆಯಲ್ಲಿ ಕಲಿತ ಮಗುವೊಂದು ಸರಕಾರಿ ಅಧಿಕಾರಿಯಾಗಿ ಊರಿನ ರಸ್ತೆಯಲ್ಲಿ ಕಾರಿನಲ್ಲಿ ಹೋಗಬೇಕು, ಆ ಕಾರಿನ ಚಕ್ರದಿಂದ ಎದ್ದ ಧೂಳು ತಮ್ಮ ತಲೆಯ ಮೇಲೆ ಬೀಳಬೇಕು. ಕಾರು ನಿಲ್ಲಬೇಕೆಂದು ಅವರು ಕೇಳಲಿಲ್ಲ. ಅಧಿಕಾರಿ ಇಳಿದುಬಂದು ಕಾಲಿಗೆರಗಬೇಕೆಂದಾಗಲಿ, ನಾಲ್ಕು ಜನರಿಗೆ ‘ಇವರು ನನ್ನನ್ನು ಬೆಳೆಸಿದವರು’ ಎಂದು ತೋರಿಸಬೇಕೆಂದಾಗಲಿ ಆ ಆಸೆಯಲ್ಲಿ ಇಲ್ಲ. ಕಾರಿನಲ್ಲಿರುವವನಿಗೆ ರಸ್ತೆಯ ಬದಿಯಲ್ಲಿ ನಿಂತ ಮುದುಕ ಯಾರೆಂದು ತಿಳಿದಿರಬೇಕೆಂಬ ನಿಬಂಧನೆಯೂ ಇಲ್ಲ.

ಈ ಕಥೆಯನ್ನು ನಾನು ಒಂದು ಸಂಜೆ ನಮ್ಮ ಗುಮಾಸ್ತರಿಗೆ ಹೇಳಿದೆ. ಸ್ವಲ್ಪ ಉಪದೇಶದ ಉದ್ದೇಶವೂ ಇತ್ತೆಂದು ಕಾಣುತ್ತದೆ. ಅವರು ಗಮನವಿಟ್ಟು ಕೇಳಿದರು. ‘ರಂಗರಾಯರು ದೊಡ್ಡವರು’ ಎಂದರು. ‘ಅವರು ಒಂದು ಸಮಾಜವನ್ನು ನೆನೆದು ಆಸೆಪಟ್ಟರು. ನಾನು ಒಂದು ಹುಡುಗನನ್ನು ಸಾಕಿದೆ, ಸ್ವಾಮಿ. ರಾತ್ರಿ ಜ್ವರ ಬಂದಾಗ ಅವನು ನನ್ನ ಮೇಲೆ ಮಲಗುತ್ತಿದ್ದ. ಧೂಳು ಬಿದ್ದರೆ ನನಗೆ ಸಾಲದು.’

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಹುಡುಗನಿಗೆ ನೀವಾಗಿ ಒಂದು ಸಲ ಫೋನು ಮಾಡಿ, ಗಡಿಯಾರದ ಮಾತು ಬಿಟ್ಟು ಬೇರೆ ಏನಾದರೂ ಮಾತನಾಡಿ ಎಂದೆ. ಏನು ಮಾತನಾಡುವುದು ಎಂದು ಕೇಳಿದರು. ಜ್ವರದ ಮಾತು ಆಡಬಹುದಲ್ಲ ಎಂದೆ. ಅವರು ಯೋಚಿಸುತ್ತ ಕುಳಿತರು.